ಹೆಸರು ತಿದ್ದಿದ ಮೇಲೆ ಪತ್ರ ಎಲ್ಲಿಗೆ ಹೋಗಬೇಕು?

ಆಲಮಟ್ಟಿಯ ಹಿನ್ನೀರಿಗಾಗಿ ಹಳೆಯ ಬಾಗಲಕೋಟೆಯ ಎಷ್ಟೋ ಮನೆತನಗಳು ನವನಗರಕ್ಕೆ ಬಂದವು. ಓಣಿಯ ಹೆಸರು ಹೋಗಿ ಸೆಕ್ಟರ್ ನಂಬರು ಬಂತು. ದೂರದ ಬೀಗರಿಗೆ ಇದೆಲ್ಲ ಏನು ಗೊತ್ತು? ಅವರು ಬರೆಯುವುದು ಹಳೆಯ ವಿಳಾಸವನ್ನೇ. ಊರು ಬಲ್ಲ ಅಂಚೆಯವನು ಅದನ್ನು ಹೊಡೆದು ಹೊಸದನ್ನು ಬರೆದರೆ ಪತ್ರ ಮನೆ ಸೇರೀತು.

ವಿದ್ಯಾಗಿರಿಯ ಕಾಲೇಜಿಗೆ ಸೇರುವ ಹುಡುಗಿಯೊಬ್ಬಳ ಹೆಸರಿನಲ್ಲಿ ಒಂದಕ್ಷರ ತಪ್ಪಾಗಿ, ಕಾಲೇಜು ಕೊಟ್ಟ ಇ-ಮೇಲ್ ವಿಳಾಸದಲ್ಲೂ ಅದೇ ತಪ್ಪು ಕುಳಿತಿದೆ ಎಂದುಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದಂತೆ ತಿದ್ದಿಕೊಡಿ ಎಂದು ತಂದೆ ಅರ್ಜಿ ಕೊಟ್ಟರು, ತಿದ್ದಿದ್ದೂ ಆಯಿತು. ಆದರೆ ವಿದ್ಯಾರ್ಥಿವೇತನದ ಅರ್ಜಿಯಲ್ಲಿರುವುದು ಹಳೆಯ ವಿಳಾಸ. ಸಂದರ್ಶನಕ್ಕೆ ಕರೆಯಬೇಕಾದ ಕಂಪನಿಯ ಬಳಿ ಇರುವುದೂ ಅದೇ.

ಮೇಲ್ ಸರ್ವರ್ ಊರು ಬಲ್ಲ ಅಂಚೆಯವನಲ್ಲ. ಅದಕ್ಕೆ ತನ್ನ ಪಟ್ಟಿಯೇ ಪ್ರಮಾಣ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ 550 ಎಂಬ ಸಂಖ್ಯೆ ಹೇಳಿ ಬಾಗಿಲು ಹಾಕುತ್ತದೆ. ‘ಇಂಥವರು ಇಲ್ಲಿಲ್ಲ’ ಎಂದು ಅದರರ್ಥ. ಪತ್ರ ಕಳಿಸಿದವರು ಮನುಷ್ಯರಾದರೆ ಫೋನಾದರೂ ಮಾಡಿ ವಿಚಾರಿಸಿಯಾರು. ಕಳಿಸಿದ್ದು ಯಂತ್ರವಾದರೆ ವಾಪಸು ಬಂದದ್ದನ್ನು ಓದುವವರೇ ಇರಲಿಕ್ಕಿಲ್ಲ.

1982ರಲ್ಲಿ ಇ-ಮೇಲ್ ಸಾಗಣೆಯ ನಿಯಮಗಳನ್ನು ಬರೆದ ಜಾನ್ ಪೋಸ್ಟೆಲ್ (ಹೆಸರಿಗೆ ತಕ್ಕ ಕೆಲಸ!) ಇದನ್ನು ಯೋಚಿಸದೆ ಇರಲಿಲ್ಲ. 551 ಎಂದರೆ ‘ಇಲ್ಲಿಲ್ಲ, ಈ ವಿಳಾಸಕ್ಕೆ ಕಳಿಸಿ ನೋಡಿ’ ಎಂಬ ಉತ್ತರ. ಇಂದು ಅದರ ಬಳಕೆ ಅಪರೂಪ. ಕೇಳಿದವರಿಗೆಲ್ಲ ಹೊಸ ವಿಳಾಸ ಹೇಳಿದರೆ ಬೇಡದ ಜಾಹೀರಾತು ಕಳಿಸುವವರಿಗೆ ಹಬ್ಬ.

ಹೀಗಾಗಿ ಉಳಿದ ದಾರಿ ‘ಅಲಿಯಾಸ್’. ಪೆಟ್ಟಿಗೆ ಒಂದೇ, ಹೆಸರು ಎರಡು. ಹಳೆಯ ಹೆಸರಿಗೆ ಬಂದದ್ದೂ ಹೊಸ ಪೆಟ್ಟಿಗೆಗೇ ಬೀಳುತ್ತದೆ. ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಹೆಸರು ಬದಲಿಸಿದರೆ ಹಳೆಯದು ತಾನಾಗಿಯೇ ಅಲಿಯಾಸ್ ಆಗಿ ಉಳಿಯುತ್ತದೆ. ಪೋಸ್ಟ್‌ಫಿಕ್ಸ್‌ನಂಥ ತಂತ್ರಾಂಶ ಹಾಕಿಕೊಂಡು ಸ್ವಂತ ಸರ್ವರ್ ನಡೆಸುವ ಕಡೆ ಅದಕ್ಕಾಗಿ ಒಂದು ಸಾಲನ್ನು ನಿರ್ವಾಹಕರೇ ಬರೆಯಬೇಕು. ಕೆಲವು ಸರ್ವರ್‌ಗಳಲ್ಲಿ ಪತ್ರಗಳ ಕಡತಕ್ಕೂ ಬಳಕೆದಾರರದೇ ಹೆಸರು. ಅದನ್ನು ಬದಲಿಸಲು ಮರೆತರೆ ಹುಡುಗಿಗೆ ಕಾಣುವುದು ಖಾಲಿ ಪೆಟ್ಟಿಗೆ! ಹಳೆಯ ಪತ್ರಗಳು ಕಳೆದಿರುವುದಿಲ್ಲ, ಹಳೆಯ ಹೆಸರಿನ ಕಡತದಲ್ಲೇ ಇರುತ್ತವೆ.

ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಅವರು ಜ್ಯಾಕ್ ಸ್ಮಿತ್ ಜೊತೆಗೂಡಿ 1996ರಲ್ಲಿ ಆರಂಭಿಸಿದ ಹಾಟ್‌ಮೇಲ್ ಮುಂದೆ ಔಟ್‌ಲುಕ್ ಎಂದಾಯಿತು. ಆದರೂ ಹಾಟ್‌ಮೇಲ್ ವಿಳಾಸಗಳು ಇಂದಿಗೂ ನಡೆಯುತ್ತವೆ. ಯಾಹೂ ಬೇರೆ ದಾರಿ ಹಿಡಿಯಿತು. ವರ್ಷಕ್ಕೂ ಹೆಚ್ಚು ಕಾಲ ಬಳಸದ ಹೆಸರುಗಳನ್ನು 2013ರಲ್ಲಿ ಬೇರೆಯವರಿಗೆ ಕೊಟ್ಟಾಗ, ಹಿಂದಿನವರ ಖಾಸಗಿ ಪತ್ರಗಳು ಹೊಸಬರ ಕೈ ಸೇರಿದವು. ಪಾಸ್‌ವರ್ಡ್ ಮರೆತಾಗ ಬರುವ ಪತ್ರವೂ ಹೀಗೆಯೇ ಪರರ ಪಾಲಾದೀತು. ಬಸವರಾಜರು, ಮಂಜುನಾಥರು ಕ್ಲಾಸಿಗೆ ನಾಲ್ವರಿರುವ ಸೀಮೆಯಲ್ಲಿ ಬಿಟ್ಟ ಹೆಸರನ್ನು ಮರುವರ್ಷದ ಹುಡುಗನಿಗೆ ಕೊಡುವ ಆಸೆ ಯಾವ ಕಚೇರಿಗಾದರೂ ಬರಬಹುದು. ಕೊಡಬಾರದು.

ವಿಳಾಸ ತಿದ್ದಿಸಿಕೊಂಡ ದಿನವೇ ಮನೆಯವರ ಬೇರೊಂದು ಖಾತೆಯಿಂದ ಹಳೆಯ ವಿಳಾಸಕ್ಕೆ ಎರಡು ಸಾಲು ಬರೆದು ಕಳಿಸಿ ನೋಡಬೇಕು. ಅದು ಹೊಸ ಪೆಟ್ಟಿಗೆಗೆ ಬಂದು ಬೀಳದಿದ್ದರೆ ಮರುದಿನವೇ ಕಾಲೇಜಿನ ಕಂಪ್ಯೂಟರ್ ವಿಭಾಗಕ್ಕೆ ಹೋಗಿ ‘ಹಳೆಯದನ್ನೂ ಉಳಿಸಿಕೊಡಿ’ ಎಂದು ಕೇಳಬೇಕು.