ಪಕ್ಕವಾದ್ಯದವರ ಮುನಿಸು

ಬಾಬುರಾಯನಕೊಪ್ಪಲಿನ ಕಡೆಯವರಿಗೆ ವಾದ್ಯದ ಸದ್ದು ಹೊಸದಲ್ಲ. 1610ರಲ್ಲಿ ರಾಜ ಒಡೆಯರು ದಸರೆಯನ್ನು ಆರಂಭಿಸಿದ್ದು ಪಕ್ಕದ ಶ್ರೀರಂಗಪಟ್ಟಣದಲ್ಲಿ. ಇಂದಿಗೂ ಅಲ್ಲಿನ ದಸರಾ ಮೆರವಣಿಗೆ ಹೊರಡುವುದು ಹತ್ತಿರದ ಕಿರಂಗೂರಿನ ಬನ್ನಿಮಂಟಪದಿಂದ. ಮದುವೆಯಿರಲಿ, ಊರಹಬ್ಬವಿರಲಿ, ಓಲಗವೋ ಬ್ಯಾಂಡ್‌ಸೆಟ್ಟೋ ತಮಟೆಯೋ ಇರಲೇಬೇಕು. ಆದರೆ ನೋಡುವವರ ಕಣ್ಣೆಲ್ಲ ಮುಂದೆ ನಿಂತು ಕ್ಲಾರಿನೆಟ್ ಊದುವವರ ಮೇಲೆ. ಹಿಂದೆ ಹೆಗಲಿಗೆ ಡ್ರಮ್ಮು ತಗುಲಿಹಾಕಿಕೊಂಡು ಮೈಲಿಗಟ್ಟಲೆ ನಡೆಯುವವನ ಹೆಸರು ಯಾರಿಗೂ ಬೇಕಿಲ್ಲ. ನೀವು ಆ ಹಿಂದಿನ ಸಾಲಿನವರಾಗಿದ್ದರೆ ಈ ಮಾತು ನಿಮಗೆ. ಮುಂದಿನ ಸಾಲಿನ ಮಾಸ್ತರರೂ ಓದಬಹುದು, ತಪ್ಪೇನಿಲ್ಲ.

ತಂಡದೊಳಗೆ ಜಗಳವಾದಾಗ ಮೊದಲು ನೋಡಬೇಕಾದದ್ದು, ಆ ಸಿಟ್ಟು ನಿಜವಾಗಿ ಯಾರ ಮೇಲಿನದು ಎಂಬುದನ್ನು. ಬೆಳಗಿನಿಂದ ನುಡಿಸಿದವರನ್ನು ಕೊನೆಯ ಪಂಕ್ತಿಯಲ್ಲಿ ಊಟಕ್ಕೆ ಕೂರಿಸುವ ಮನೆಗಳು ಇನ್ನೂ ಇವೆ. 'ಏಯ್ ವಾದ್ಯದವನೇ' ಎಂದು ಕೂಗುವವರೂ ಇದ್ದಾರೆ. ಅಲ್ಲಿ ನುಂಗಿಕೊಂಡ ಅವಮಾನ ವಾಪಸು ಬರುವಾಗ ಗಾಡಿಯಲ್ಲಿ, ಪಕ್ಕದಲ್ಲಿ ಕೂತ ಜೊತೆಗಾರನ ಮೇಲೆ ಹರಿಯುತ್ತದೆ. 'ನೀನು ತಾಳ ತಪ್ಪಿದೆ' ಎಂಬ ಸಣ್ಣ ಮಾತು ಹಳೆಯ ಸ್ನೇಹವನ್ನೇ ಮುರಿಯುತ್ತದೆ. ಇದಕ್ಕೆ ಮದ್ದು ಗಾಡಿಯಲ್ಲಿಲ್ಲ, ವೀಳ್ಯ ಹಿಡಿಯುವ ಹೊತ್ತಿನಲ್ಲಿದೆ. ಹಣದ ಮಾತಾಡುವಾಗಲೇ ಊಟ ಎಷ್ಟು ಗಂಟೆಗೆ, ಕೂರಲು ಜಾಗ ಎಲ್ಲಿ ಎಂದು ಮಾಸ್ತರರು ಕೇಳಿಕೊಂಡರೆ ಅರ್ಧ ಮುನಿಸು ಹುಟ್ಟುವುದೇ ಇಲ್ಲ.

ಉಳಿದರ್ಧ ತಂಡದ ಒಳಗಿನದೇ. ಅದರಲ್ಲಿ ಕೆಲವು ಬರಿಯ ಸದ್ದಿನ ಪ್ರಶ್ನೆ. ಕಾವೇರಿ ಇಲ್ಲಿಂದ ಕೆಳಗೆ ಹರಿದು ಕಪಿಲೆಯನ್ನು ಕೂಡುವ ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿದ ಟಿ. ಚೌಡಯ್ಯನವರು ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಧ್ವನಿವರ್ಧಕಗಳು ಬಳಕೆಗೆ ಬಾರದಿದ್ದ ಕಾಲ ಅದು. ಕಂಚಿನ ಕಂಠದ ಗಾಯಕರ ಪಕ್ಕದಲ್ಲಿ ಕೂತು ನುಡಿಸಿದ ಪಿಟೀಲು ಹಿಂದಿನ ಸಾಲಿಗೆ ಮುಟ್ಟುತ್ತಿರಲಿಲ್ಲ. ಚೌಡಯ್ಯನವರು ನಾಲ್ಕು ತಂತಿಗಳ ಪೈಕಿ ಮೂರಕ್ಕೆ ಜೋಡಿ ತಂತಿ ಸೇರಿಸಿ ಏಳು ತಂತಿಯ ಪಿಟೀಲನ್ನು ಬಳಕೆಗೆ ತಂದರು. ಪಕ್ಕವಾದ್ಯಗಾರರೆಂದೇ ಹೆಸರಾದ ಅವರಿಗೆ ಮದರಾಸಿನ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಗೌರವ 1957ರಲ್ಲಿ ಬಂತು. ಬೆಂಗಳೂರಿನ ಮಲ್ಲೇಶ್ವರದಲ್ಲಿ ಪಿಟೀಲಿನ ಆಕಾರದಲ್ಲೇ ನಿಂತಿರುವ ಸಭಾಭವನ ಅವರ ಹೆಸರಿನದು. ಎಲ್ಲರೂ ಚೌಡಯ್ಯನವರಾಗಲಿ ಎಂದು ನಾನು ಹೇಳುತ್ತಿಲ್ಲ. ನಿಮ್ಮ ವಾದ್ಯ ಕೇಳಿಸುತ್ತಿಲ್ಲವೆಂದಾದರೆ, ಅದು ಯಾರದೋ ಹೊಟ್ಟೆಕಿಚ್ಚೋ ಅಥವಾ ನಿಂತ ಜಾಗ, ಸಡಿಲವಾದ ಚರ್ಮ, ಮೈಕಿನ ದಿಕ್ಕು ಇವುಗಳ ದೋಷವೋ ಎಂದು ಮೊದಲು ಪರೀಕ್ಷಿಸಿ.

ಇನ್ನು ಕೆಲವು ಸರದಿಯ ಪ್ರಶ್ನೆ. ಕರ್ನಾಟಕ ಸಂಗೀತದ ಕಚೇರಿಯಲ್ಲಿ ತನಿ ಆವರ್ತನವೆಂಬ ಏರ್ಪಾಡಿದೆ. ಮೃದಂಗ, ಘಟ, ಖಂಜಿರದವರು ಒಬ್ಬರಾದ ಮೇಲೊಬ್ಬರು ನುಡಿಸಿ, ಸುತ್ತು ಕಿರಿದಾಗುತ್ತಾ ಹೋಗಿ ಕೊನೆಗೆ ಎಲ್ಲರೂ ಕೂಡಿ ಮುಗಿಸುತ್ತಾರೆ. ಆ ಹೊತ್ತಿನಲ್ಲಿ ಮುಖ್ಯ ಗಾಯಕರು ತೊಡೆ ತಟ್ಟಿ ತಾಳ ಹಾಕುತ್ತಾ ಕೂತಿರುತ್ತಾರೆ. ಶ್ರೋತೃಗಳಲ್ಲಿ ಕೆಲವರು ಕಾಫಿಗೆ ಎದ್ದು ಹೋಗುತ್ತಾರೆಂಬ ದೂರು ಹಳೆಯದು, ನ್ಯಾಯವಾದದ್ದು ಕೂಡ. ಆದರೂ ಆ ಸರದಿ ಕಚೇರಿಯ ಕಟ್ಟಳೆಯಲ್ಲೇ ಸೇರಿರುವುದರಿಂದ ಮೃದಂಗದವರು ಪ್ರತಿ ಸಲ ಬೇಡಬೇಕಾಗಿಲ್ಲ. ಬ್ಯಾಂಡಿನಲ್ಲಿ ಅಂಥ ಕಟ್ಟಳೆ ಇಲ್ಲ, ಆದ್ದರಿಂದ ಮಾಡಿಕೊಳ್ಳಬೇಕು. 'ನನ್ನ ಬೆಲೆ ನಿಮಗೆ ಗೊತ್ತಿಲ್ಲ' ಎಂದರೆ ಮಾಸ್ತರರಿಗೆ ಕೊಡಲು ಉತ್ತರವಿರುವುದಿಲ್ಲ. 'ಮಾಸ್ಟ್ರೇ, ಗುಡಿ ಮುಂದೆ ಮೆರವಣಿಗೆ ನಿಂತಾಗ ಒಂದು ಸುತ್ತು ಡ್ರಮ್ಮಿಗೆ ಬಿಡಿ' ಎನ್ನಿ. ಹೌದೋ ಅಲ್ಲವೋ ಎಂದು ಅವರು ಹೇಳಲೇಬೇಕಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಮನಸ್ಸು ಕೆಡಿಸುವುದು ಲೆಕ್ಕ. ಹನ್ನೆರಡು ಜನರ ತಂಡಕ್ಕೆ 18,000 ರೂಪಾಯಿಗೆ ಒಪ್ಪಂದವಾಯಿತೆಂದು ಇಟ್ಟುಕೊಳ್ಳಿ. ಗಾಡಿ ಬಾಡಿಗೆ 3,000, ವಾದ್ಯದ ರಿಪೇರಿ 1,000 ಕಳೆದರೆ ಉಳಿದದ್ದು 14,000. ಮಾಸ್ತರರಿಗೆ ಎರಡು ಪಾಲು, ಕ್ಲಾರಿನೆಟ್‌ನವರಿಗೆ ಎರಡು, ಮಿಕ್ಕ ಹತ್ತು ಜನರಿಗೆ ಒಂದೊಂದು ಎಂದರೆ ಪಾಲಿಗೆ 1,000 ಬೀಳುತ್ತದೆ. ಮಾಸ್ತರರಿಗೆ ಎರಡು ಏಕೆ? ವಾದ್ಯ, ಸಮವಸ್ತ್ರಗಳಿಗೆ ಹಣ ಹಾಕಿ, ಊರೂರು ತಿರುಗಿ ವೀಳ್ಯ ಹಿಡಿಯುವವರು ಅವರೇ ಆಗಿದ್ದರೆ ಅದರಲ್ಲಿ ಅನ್ಯಾಯವಿಲ್ಲ. ಹೇಳದೆ ತೆಗೆದುಕೊಂಡರೆ ಮಾತ್ರ ಅದು ಕದ್ದಂತೆ ಕಾಣುತ್ತದೆ. ಮದುಮಗನ ಕಡೆಯವರು ಕೈಗೆ ತುರುಕುವ ಇನಾಮಿನ ವಿಷಯ ಇನ್ನೂ ಸೂಕ್ಷ್ಮ. ಅದು ಕೊಟ್ಟವರ ಕೈಯಿಂದ ಯಾರ ಜೇಬಿಗೆ ಹೋಯಿತೆಂದು ಹನ್ನೊಂದು ಜೊತೆ ಕಣ್ಣು ನೋಡುತ್ತಿರುತ್ತವೆ. ನನ್ನ ಅಭಿಪ್ರಾಯ ಕೇಳಿದರೆ, ಇನಾಮನ್ನು ಎಲ್ಲರೆದುರು ಡ್ರಮ್ಮಿನ ಮೇಲೆ ಹರಡಿ ಸಮವಾಗಿ ಹಂಚಬೇಕು.

ಇವನ್ನೆಲ್ಲ ಮಾತಾಡಲು ಕಾಲವೂ ಬೇಕು. ವೈಶಾಖದ ಲಗ್ನಗಳ ನಡುವೆ, ನಿದ್ದೆಗೆಟ್ಟು ಗಂಟಲು ಒಣಗಿದಾಗ ಎತ್ತಿದ ಮಾತು ಜಗಳವಾಗದೆ ಇರುವುದು ಅಪರೂಪ. ಆಷಾಢದಲ್ಲಿ ಮದುವೆಗಳಿಲ್ಲ, ವಾದ್ಯಗಳು ಗೋಡೆಯ ಮೇಲಿರುತ್ತವೆ. ಒಂದು ಸಂಜೆ ಎಲ್ಲರೂ ಕೂತು ಪಾಲೆಷ್ಟು, ಸರದಿ ಯಾರದು, ಬೋರ್ಡಿನಲ್ಲಿ ಯಾರ ಹೆಸರು ಎಂದು ತೀರ್ಮಾನಿಸಿ, ಒಂದು ನೋಟು ಪುಸ್ತಕದಲ್ಲಿ ಬರೆದಿಡಿ. ಓಲಗದ ತಂಡವಾದರೆ ಶ್ರುತಿ ಹಿಡಿಯುವವನನ್ನೂ ಕರೆಯಿರಿ. ಒಂದೇ ಸ್ವರ ಎಂದು ಅವನನ್ನು ಮರೆಯುವುದು ವಾಡಿಕೆ. ಎಲೆಕ್ಟ್ರಾನಿಕ್ ಪೆಟ್ಟಿಗೆ ಬಂದ ಮೇಲಂತೂ ಎಷ್ಟೋ ಕಡೆ ಅವನ ಕೆಲಸವೇ ಹೋಗಿದೆ.

ಕೂತು ಮಾತಾಡಿಯೂ ಸರಿಹೋಗದಿದ್ದರೆ ತಂಡ ಬಿಡುವುದು ನಿಮ್ಮ ಹಕ್ಕು. ಅದನ್ನೂ ಆಷಾಢದಲ್ಲೇ ಹೇಳಿಬಿಡಿ, ದಸರೆಯ ಹೊತ್ತಿಗೆ ಅವರು ಬೇರೆಯವರನ್ನು ಹುಡುಕಿಕೊಳ್ಳಲಿ. ಸಮವಸ್ತ್ರ ಒಗೆಸಿ ಹಿಂದಿರುಗಿಸಿ, ಮುಂಗಡದ ಬಾಕಿ ಚುಕ್ತಾ ಮಾಡಿ. ಶ್ರಾವಣದ ಯಾವುದಾದರೂ ಮದುವೆಗೆ ನಿಮ್ಮನ್ನೂ ಲೆಕ್ಕ ಹಿಡಿದು ಆಗಲೇ ವೀಳ್ಯ ತೆಗೆದುಕೊಂಡಿದ್ದರೆ, ಅದೊಂದನ್ನು ನುಡಿಸಿಕೊಟ್ಟು ಹೊರಡಿ.