ತಣ್ಣಗಾದ ಕಾಲಿಗೆ ಬಿಸಿ: ಎಲ್ಲಿ ಕೊಡಬೇಕು, ಎಲ್ಲಿ ಕೊಡಬಾರದು

ಮಳೆಗಾಲದ ರಾತ್ರಿಗಳಲ್ಲಿ ನಮ್ಮ ಮನೆಗಳ ಹಿರಿಯರು ಹೇಳುವ ಮಾತೊಂದಿದೆ. "ಕಾಲು ಮಂಜುಗಡ್ಡೆ ಹಾಗೆ ಆಗಿದೆ, ಸ್ವಲ್ಪ ಬಿಸಿ ಇಡು ಮಗಳೇ." ಮಗಳೋ ಸೊಸೆಯೋ ಕೂಡಲೇ ನೀರು ಕಾಯಿಸಿ ರಬ್ಬರ್ ಚೀಲಕ್ಕೆ ತುಂಬಿಸುತ್ತಾರೆ, ಪಾದದ ಅಡಿಗೆ ಇಟ್ಟು ಮೇಲೆ ಕಂಬಳಿ ಹೊದಿಸಿ ಹೋಗುತ್ತಾರೆ. ಪ್ರೀತಿಯಿಂದ ಮಾಡುವ ಖಿದ್ಮತ್, ಅದರಲ್ಲಿ ಸಂಶಯವಿಲ್ಲ. ಆದರೆ ಸಕ್ಕರೆ ಕಾಯಿಲೆ ಇರುವವರಾದರೆ ಸುಬಹಿಗೆ ಎದ್ದು ನೋಡುವಾಗ ಹೆಬ್ಬೆರಳ ಬದಿಯಲ್ಲಿ ನೀರುಗುಳ್ಳೆ ಎದ್ದಿರಬಹುದು. ನೋವು ಗೊತ್ತೇ ಆಗಿರುವುದಿಲ್ಲ. ಅಂಥ ಒಂದು ಗುಳ್ಳೆಯಿಂದ ಶುರುವಾಗಿ ಬೆರಳು ಹೋಗಿ, ಆಮೇಲೆ ಪಾದವೇ ಹೋದ ಮನೆಗಳನ್ನು ನಾವು ಕಂಡಿದ್ದೇವೆ.

ಹಾಗಾದರೆ ಬಿಸಿ ಕೆಟ್ಟದ್ದಾ? ಅಲ್ಲ. ಕಾಲಿಗೆ ರಕ್ತ ಸರಿಯಾಗಿ ಹೋಗದವರಿಗೆ ಬಿಸಿಯಿಂದ ಪ್ರಯೋಜನ ಇದೆ ಅಂತ ಈಗ ವೈದ್ಯರೇ ಪರೀಕ್ಷೆ ಮಾಡಿ ಹೇಳುತ್ತಿದ್ದಾರೆ. ಆದರೆ ಅವರು ಹೇಳುವ ಬಿಸಿ ಬೇರೆ, ನಾವು ಇಡುವ ಬಿಸಿ ಬೇರೆ.

ಮೊದಲು ಕಾಯಿಲೆ ಯಾವುದು ಅಂತ ತಿಳಿಯಬೇಕು. ಹೃದಯದ ರಕ್ತನಾಳದಲ್ಲಿ ಕೊಬ್ಬು ಕಟ್ಟಿಕೊಂಡು 'ಬ್ಲಾಕ್' ಆಗುವುದು ಎಲ್ಲರಿಗೂ ಗೊತ್ತು. ಅದೇ ಬ್ಲಾಕ್ ಕಾಲಿನ ರಕ್ತನಾಳದಲ್ಲೂ ಆಗುತ್ತದೆ. ವೈದ್ಯರು ಇದನ್ನು ಪೆರಿಫೆರಲ್ ಆರ್ಟರಿ ಡಿಸೀಸ್, ಚಿಕ್ಕದಾಗಿ ಪಿಎಡಿ ಎನ್ನುತ್ತಾರೆ. ಇದರ ಗುರುತು ನಮ್ಮ ಮಸೀದಿ ದಾರಿಯಲ್ಲೇ ಕಾಣುತ್ತದೆ. ಮನೆಯಿಂದ ಹೊರಟ ಹಿರಿಯರು ಒಂದು ಫರ್ಲಾಂಗ್ ನಡೆದು ಅಂಗಡಿ ಜಗಲಿಯಲ್ಲಿ ಕೂರುತ್ತಾರೆ. ಮೀನಖಂಡ ಹಿಂಡಿದ ಹಾಗೆ ನೋವು. ಎರಡು ಮೂರು ನಿಮಿಷ ನಿಂತರೆ ಸರಿಯಾಗುತ್ತದೆ, ಮತ್ತೆ ಅಷ್ಟೇ ದೂರ ನಡೆದರೆ ಪುನಃ ಅದೇ ನೋವು. ಕೇಳಿದರೆ, "ವಾಯು, ವಯಸ್ಸಾಯ್ತಲ್ಲ" ಅಂತಾರೆ. ನಡೆದಾಗ ಬಂದು ನಿಂತಾಗ ಹೋಗುವ ಈ ನೋವಿಗೆ ಹೆಚ್ಚಾಗಿ ಕಾರಣ ವಾಯು ಅಲ್ಲ. ನಡೆಯುವ ಮಾಂಸಕ್ಕೆ ಬೇಕಾದಷ್ಟು ರಕ್ತ ಸಿಗುವುದಿಲ್ಲ, ಅಷ್ಟೇ. ಕಾಯಿಲೆ ಮುಂದೆ ಹೋದರೆ ಮಲಗಿದಾಗಲೂ ನೋವು ಶುರುವಾಗುತ್ತದೆ. ರಾತ್ರಿ ಮಂಚದಿಂದ ಕಾಲು ಕೆಳಗೆ ನೇತಾಡಿಸಿ ಕೂತರೆ ಮಾತ್ರ ಆರಾಮ. ಹಾಗೆ ಕೂರುವ ಹಿರಿಯರು ಮನೆಯಲ್ಲಿದ್ದರೆ ಬಿಸಿ ಚೀಲ ಹುಡುಕುವ ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು.

ಈ ಕಾಯಿಲೆಗೆ ಇಬ್ಬರು ದೊಡ್ಡ ಗೆಳೆಯರು, ಸಕ್ಕರೆ ಕಾಯಿಲೆ ಮತ್ತು ಹೊಗೆ. ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಉಮ್ಮಂದಿರು ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮಂದಿ ಇದ್ದಾರೆ, ಆ ದುಡಿಮೆಗೆ ಗೌರವ ಇದೆ. ಆದರೆ ಅದೇ ಬೀಡಿ ಸೇದಿದವನ ಕಾಲಿನ ಕತೆ ಬೇರೆ. ಬರ್ಗರ್ ಕಾಯಿಲೆ ಅಂತ ಒಂದಿದೆ. ಕೊಬ್ಬು ಕಟ್ಟುವ ವಯಸ್ಸಿಗೆ ಮೊದಲೇ, ಐವತ್ತರೊಳಗಿನ ಗಂಡಸರಲ್ಲೇ ಕೈಕಾಲಿನ ಸಣ್ಣ ರಕ್ತನಾಳಗಳು ಊದಿ ಮುಚ್ಚಿಹೋಗುತ್ತವೆ. ಇದು ಬರುವುದು ತಂಬಾಕು ಬಳಸುವವರಿಗೆ, ನಮ್ಮ ದೇಶದಲ್ಲಿ ಹೆಚ್ಚಾಗಿ ಬೀಡಿ ಸೇದುವವರಿಗೆ. ತಂಬಾಕು ಪೂರ್ತಿ ಬಿಡದೆ ಇದಕ್ಕೆ ಯಾವ ಮದ್ದೂ ನಾಟುವುದಿಲ್ಲ.

ಈಗ ಬಿಸಿಯ ವಿಷಯಕ್ಕೆ ಬರೋಣ. ಮೈ ಬಿಸಿಯಾದಾಗ ರಕ್ತನಾಳಗಳು ಅಗಲವಾಗುತ್ತವೆ. ರಕ್ತ ಜೋರಾಗಿ ಹರಿಯುವಾಗ ನಾಳದ ಒಳಗೋಡೆಯಿಂದ ನೈಟ್ರಿಕ್ ಆಕ್ಸೈಡ್ ಎಂಬ ವಸ್ತು ಹೊರಬಂದು ನಾಳವನ್ನು ಮತ್ತಷ್ಟು ಸಡಿಲ ಮಾಡುತ್ತದೆ. ನಡೆಯುವಾಗಲೂ ಹೆಚ್ಚುಕಡಿಮೆ ಇದೇ ಆಗುವುದು. ನಡೆಯಲಾರದವರಿಗೆ ಬಿಸಿಯಿಂದ ಅದೇ ಲಾಭ ಸಿಕ್ಕೀತಾ ಅಂತ ಸಂಶೋಧಕರು ನೋಡಿದ್ದು ಅದಕ್ಕೇ.

ಜಪಾನಿನ ಕಾಗೋಶಿಮಾದಲ್ಲಿ ಡಾ. ಚುವಾ ತೇಯಿ ಎಂಬ ಹೃದ್ರೋಗ ತಜ್ಞರು 'ವಾಓನ್' ಎಂಬ ಚಿಕಿತ್ಸೆ ಶುರು ಮಾಡಿದರು. 60 ಡಿಗ್ರಿಯ ಒಣ ಬಿಸಿ ಕೋಣೆಯಲ್ಲಿ 15 ನಿಮಿಷ ಕೂರಿಸಿ, ಹೊರಗೆ ಬಂದ ಮೇಲೆ ಕಂಬಳಿ ಹೊದಿಸಿ 30 ನಿಮಿಷ ಮಲಗಿಸುವುದು. 2007ರಲ್ಲಿ 20 ಮಂದಿ ಪಿಎಡಿ ರೋಗಿಗಳಿಗೆ 10 ವಾರ ಹೀಗೆ ಮಾಡಿದ ಫಲಿತಾಂಶ ಪ್ರಕಟಿಸಿದರು. ನೋವು ಕಡಿಮೆಯಾಗಿತ್ತು, ನಡೆಯುವ ದೂರ ಹೆಚ್ಚಾಗಿತ್ತು. ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಒಂದು ಗುಂಪನ್ನು ಸುಮಾರು 39 ಡಿಗ್ರಿಯ ನೀರಿನ ತೊಟ್ಟಿಯಲ್ಲಿ ಅರ್ಧ ಗಂಟೆಯವರೆಗೆ ಕೂರಿಸಿ, ಆಮೇಲೆ ಸ್ವಲ್ಪ ಕೈಕಾಲು ಆಡಿಸುವ ವ್ಯಾಯಾಮ ಮಾಡಿಸಿದರು. ಇನ್ನೊಂದು ಗುಂಪಿಗೆ ನಡಿಗೆ ಮತ್ತು ವ್ಯಾಯಾಮ. 12 ವಾರ ಕಳೆದಾಗ ಎರಡೂ ಗುಂಪಿನವರು 6 ನಿಮಿಷದಲ್ಲಿ ಮೊದಲಿಗಿಂತ ಸುಮಾರು 40 ಮೀಟರ್ ಹೆಚ್ಚು ನಡೆದರು. 40 ಮೀಟರ್ ಅಂದರೆ ನಮಗೆ ಏನೂ ಅಲ್ಲ. ದಾರಿಯಲ್ಲಿ ಎರಡು ಸಲ ಕೂರುವವರಿಗೆ ಒಂದು ಸಲ ಕಡಿಮೆ. ಅಮೆರಿಕದ ಇಂಡಿಯಾನಾದಲ್ಲಿ ಬಿಸಿ ನೀರು ಹರಿಯುವ ಕೊಳವೆಗಳಿರುವ ಪ್ಯಾಂಟನ್ನು ಮನೆಯಲ್ಲೇ ದಿನಕ್ಕೆ 90 ನಿಮಿಷ, 8 ವಾರ ಹಾಕಿಸಿ ನೋಡಿದರು. ಅಲ್ಲಿ ಸಿಕ್ಕಿದ ಲಾಭ ಸುಮಾರು 20 ಮೀಟರ್. ಇವೆಲ್ಲ ಸಣ್ಣ ಗುಂಪುಗಳ ಮೇಲೆ ಮಾಡಿದ ಪರೀಕ್ಷೆಗಳು. ಹಾಗಾಗಿ ಬಿಸಿಯಿಂದ ಬ್ಲಾಕ್ ಕರಗುತ್ತದೆ ಅಂತ ಯಾರಾದರೂ ಮೆಷಿನ್ ಮಾರಲು ಬಂದರೆ ದುಡ್ಡು ಕಿಸೆಯಲ್ಲೇ ಇರಲಿ. ಬ್ಲಾಕ್ ಕರಗಿತು ಅಂತ ಇವರಲ್ಲಿ ಯಾರೂ ಹೇಳಿಲ್ಲ.

ಇಲ್ಲಿ ಗಮನಿಸಬೇಕಾದ್ದು ಎರಡು. ಒಂದು, 39 ಡಿಗ್ರಿ ಅಂದರೆ ಜ್ವರ ಬಂದ ಮೈಯಷ್ಟೇ ಬಿಸಿ. ನಾವು ಹಂಡೆಯಿಂದ ತೋಡಿ ಚೀಲಕ್ಕೆ ತುಂಬಿಸುವ ನೀರು ಸುಮಾರು ಅದರ ದುಪ್ಪಟ್ಟು ಬಿಸಿ ಇರುತ್ತದೆ. ಎರಡನೆಯದು, ತೊಟ್ಟಿಯಲ್ಲೂ ಬಿಸಿ ಕೋಣೆಯಲ್ಲೂ ಅವರು ಬಿಸಿ ಮಾಡಿದ್ದು ಇಡೀ ಮೈಯನ್ನು. ಪಾದವೊಂದನ್ನೇ ಯಾರೂ ಸುಡಲಿಲ್ಲ. ಇದು ಹಳೆಯ ತಿಳಿವಳಿಕೆ. 1932ರಲ್ಲೇ ಗಿಬ್ಬನ್ ಮತ್ತು ಲ್ಯಾಂಡಿಸ್ ಎಂಬ ಇಬ್ಬರು ಅಮೆರಿಕನ್ ವೈದ್ಯರು, ಮುಂಗೈಗಳನ್ನು ಬಿಸಿ ನೀರಲ್ಲಿ ಮುಳುಗಿಸಿದರೆ ಮುಟ್ಟದೇ ಇರುವ ಪಾದವೂ ಬೆಚ್ಚಗಾಗುವುದನ್ನು ತೋರಿಸಿಕೊಟ್ಟಿದ್ದರು. ಮೈಯ ರಕ್ತ ಬಿಸಿಯಾದರೆ, ದಾರಿ ತೆರೆದಿದ್ದಷ್ಟು ಅದು ತಾನೇ ಕಾಲಿಗೆ ಇಳಿಯುತ್ತದೆ. ಮೈಗೆ ಕೊಟ್ಟ ಬಿಸಿ ರಕ್ತದ ಜೊತೆ ಕಾಲಿಗೆ ಹೋಗುತ್ತದೆ. ಪಾದಕ್ಕೇ ಇಟ್ಟ ಬಿಸಿ ಹಾಗಲ್ಲ. ಬೇರೆಯವರ ಪಾದದಲ್ಲಾದರೆ ಹರಿಯುವ ರಕ್ತ ಆ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. ರಕ್ತ ಹರಿಯದ ಪಾದದಲ್ಲಿ ಬಿಸಿ ಅಲ್ಲೇ ನಿಂತು ಚರ್ಮ ಬೇಯುತ್ತದೆ. ಅದರ ಮೇಲೆ, ಬಿಸಿಯಾದ ಮಾಂಸಕ್ಕೆ ಹೆಚ್ಚು ರಕ್ತ ಬೇಕು, ಅದು ಬರುವ ದಾರಿಯೇ ಮುಚ್ಚಿದೆ. ಸಕ್ಕರೆ ಕಾಯಿಲೆಯಿಂದ ನರ ಸತ್ತಿದ್ದರೆ ಸುಡುವುದು ಗೊತ್ತಾಗುವುದೇ ಇಲ್ಲ, ಆದ ಗಾಯ ಒಣಗುವುದೂ ಇಲ್ಲ.

ಆದ್ದರಿಂದ ಪಾದದಡಿ ಬಿಸಿ ಚೀಲ, ಇಸ್ತ್ರಿ ಬಟ್ಟೆಯ ಶಾಖ, ಒಲೆ ಮುಂದೆ ಕಾಲು ಚಾಚಿ ಕೂರುವುದು, ಉಪ್ಪು ಹಾಕಿದ ಬಿಸಿ ನೀರಲ್ಲಿ ಕಾಲು ಇಡುವುದು, ಇದೆಲ್ಲ ಈ ಕಾಯಿಲೆಯವರಿಗೆ ಬೇಡ. ಸಡಿಲವಾದ ಹತ್ತಿಯ ಕಾಲುಚೀಲ ಹಾಕಿ, ಬೆನ್ನು ಹೊಟ್ಟೆ ಬೆಚ್ಚಗಿರುವ ಹಾಗೆ ಹೊದಿಸಿದರೆ ಸಾಕು. ಸ್ನಾನದ ನೀರನ್ನು ಮನೆಯ ಬೇರೆಯವರು ಮೊಣಕೈ ಇಟ್ಟು ನೋಡಬೇಕು. ರೋಗಿ ತಾನೇ ಕಾಲು ಅದ್ದಿ ನೋಡಿದರೆ ಏನೂ ಗೊತ್ತಾಗದು. ನಮ್ಮ ಬಚ್ಚಲುಗಳಲ್ಲಿ ತೊಟ್ಟಿ ಇಲ್ಲ, ಚೊಂಬಿನಲ್ಲಿ ಹೊಯ್ದುಕೊಳ್ಳುವುದು ಆ ಚಿಕಿತ್ಸೆಗೆ ಸಮವೂ ಅಲ್ಲ. ತೊಟ್ಟಿ, ಬಿಸಿ ಕೋಣೆ ಇರುವ ಕಡೆ ಹೋಗಿ ಮಾಡಿಸುವ ಮನಸ್ಸಿದ್ದರೆ ಡಾಕ್ಟರನ್ನು ಕೇಳಿಯೇ ಮಾಡಿಸಬೇಕು. ಬಿಸಿ ನೀರಲ್ಲಿ ರಕ್ತದೊತ್ತಡ ಇಳಿಯುತ್ತದೆ. ಬಿಪಿ ಮಾತ್ರೆ ತಿನ್ನುವವರು ಎದ್ದು ನಿಂತಾಗ ತಲೆ ತಿರುಗಿ ಬೀಳಬಹುದು. ಉಪವಾಸದ ಹಗಲಲ್ಲಂತೂ ಬೇಡವೇ ಬೇಡ. ಹೃದಯ ದುರ್ಬಲ ಇರುವವರಿಗೆ, ಕಾಲಿನಲ್ಲಿ ಗಾಯ ಇರುವವರಿಗೂ ಅಲ್ಲ.

ಉಮ್ರಾ, ಹಜ್‌ಗೆ ಹೊರಟವರಿಗೂ ಒಂದು ಮಾತು. ಬಿಸಿಲಿಗೆ ಕಾದ ನೆಲದಲ್ಲಿ ಬರಿಗಾಲಲ್ಲಿ ನಡೆದು ಪಾದ ಸುಟ್ಟುಕೊಂಡ ಸಕ್ಕರೆ ಕಾಯಿಲೆಯ ಹಾಜಿಗಳ ಬಗ್ಗೆ ಅಲ್ಲಿನ ವೈದ್ಯರು ಬರೆದಿದ್ದಾರೆ. ಇಹ್ರಾಮಿನಲ್ಲಿ ಚಪ್ಪಲಿಗೆ ಅಡ್ಡಿ ಇಲ್ಲ. ಬಾಗಿಲಲ್ಲಿ ಬಿಟ್ಟು ಕಳೆದುಕೊಳ್ಳುವ ಬದಲು ಒಂದು ಚೀಲದಲ್ಲಿ ಹಾಕಿ ಜೊತೆಗೇ ಇಟ್ಟುಕೊಳ್ಳಲಿ.

ಪರೀಕ್ಷೆ ಕಷ್ಟದ್ದಲ್ಲ. ಪಾದದ ಮೇಲ್ಭಾಗದಲ್ಲಿ ಮತ್ತು ಒಳ ಹಿಮ್ಮಡಿ ಗಂಟಿನ ಹಿಂದೆ ಡಾಕ್ಟರು ನಾಡಿ ಮುಟ್ಟಿ ನೋಡುತ್ತಾರೆ. ಆಮೇಲೆ ತೋಳಿನ ಬಿಪಿ, ಹಿಮ್ಮಡಿ ಗಂಟಿನ ಹತ್ತಿರದ ಬಿಪಿ ಎರಡನ್ನೂ ಹೋಲಿಸುತ್ತಾರೆ. ತೋಳಿನಲ್ಲಿ 140 ಇದ್ದು ಕಾಲಿನಲ್ಲಿ 84 ಇದ್ದರೆ ಲೆಕ್ಕ 0.6. ಲೆಕ್ಕ 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ಕಾಯಿಲೆ ಇದೆ ಅಂತ ಅರ್ಥ. ಬಹುಕಾಲದ ಸಕ್ಕರೆ ಕಾಯಿಲೆಯವರಲ್ಲಿ ನಾಳ ಗಟ್ಟಿಯಾಗಿ ಲೆಕ್ಕ 1.4 ದಾಟುವುದೂ ಇದೆ. ಅದನ್ನು ಒಳ್ಳೆಯದು ಅಂದುಕೊಳ್ಳಬಾರದು, ಬೆರಳಿನ ಒತ್ತಡ ನೋಡಿಸಬೇಕು. ಕಾಲಿನ ನಾಳ ಕಟ್ಟಿದವರಿಗೆ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯವೂ ಹೆಚ್ಚು. ಹಾಗಾಗಿ ಕೊಬ್ಬು ಇಳಿಸುವ ಮಾತ್ರೆ, ರಕ್ತ ಹೆಪ್ಪುಗಟ್ಟದ ಮಾತ್ರೆ ಕೊಟ್ಟರೆ "ಕಾಲು ನೋವಿಗೆ ಹಾರ್ಟ್ ಮಾತ್ರೆ ಯಾಕೆ" ಅಂತ ನಿಲ್ಲಿಸಬೇಡಿ.

ಬಿಸಿಗಿಂತ ದೊಡ್ಡ ಮದ್ದು ನಡಿಗೆ. ನೋವು ಬರುವ ತನಕ ನಡೆಯುವುದು, ಕಡಿಮೆಯಾಗುವ ತನಕ ನಿಲ್ಲುವುದು, ಪುನಃ ನಡೆಯುವುದು. ಹೀಗೆ ಅರ್ಧ ಮುಕ್ಕಾಲು ಗಂಟೆ, ವಾರಕ್ಕೆ ಕಡಿಮೆ ಅಂದರೆ ಮೂರು ದಿನ, ಮೂರು ತಿಂಗಳು. ಅದುವೇ ಮೊದಲ ಚಿಕಿತ್ಸೆ. ಗಾಯ ಇರುವವರು, ಮಲಗಿದಾಗಲೂ ನೋವಿರುವವರು, ಎದೆನೋವಿನವರು ಮಾತ್ರ ಡಾಕ್ಟರನ್ನು ಕೇಳಿಯೇ ಶುರು ಮಾಡಬೇಕು. ಜಗಲಿಯಲ್ಲಿ ಕೂತ ಹಿರಿಯರನ್ನು ನೋಡಿ ಪಾಪ ಅಂತ ಬೈಕಿನಲ್ಲಿ ಹತ್ತಿಸಿಕೊಂಡು ಹೋಗುವ ನಮ್ಮ ಹುಡುಗರಿಗೆ ಇದನ್ನು ಹೇಳಬೇಕು. ಜೊತೆಗೆ ನಿಂತು, ಅವರು ಎದ್ದಾಗ ಜೊತೆಗೇ ನಡೆದರೆ ಅದೂ ಖಿದ್ಮತ್ತೇ.

ವುಝೂ ವಿಷಯ ನಮ್ಮನ್ನು ಕೇಳುವವರಿದ್ದಾರೆ. ಉಗುರು ಬೆಚ್ಚಗಿನ ನೀರಲ್ಲಿ ವುಝೂ ಮಾಡಲು ಅಡ್ಡಿ ಏನೂ ಇಲ್ಲ. ತೊಳೆದ ಮೇಲೆ ಬೆರಳ ಸಂದಿಗಳನ್ನು ಒರೆಸಿ ಒಣಗಿಸಬೇಕು. ಗಾಯಕ್ಕೆ ನೀರು ತಾಗಿಸಬಾರದು ಅಂತ ಡಾಕ್ಟರು ಹೇಳಿದ್ದರೆ ಹಟ ಮಾಡುವುದು ಬೇಡ. ಶಾಫಿಈ ಮದ್‌ಹಬಿನಲ್ಲಿ ಗಾಯವಿಲ್ಲದ ಭಾಗವನ್ನು ತೊಳೆದು, ಬ್ಯಾಂಡೇಜಿನ ಮೇಲೆ ಸವರಿ, ಗಾಯದ ಭಾಗಕ್ಕೆ ಬದಲಾಗಿ ತಯಮ್ಮುಮ್ ಮಾಡುವ ವಿಧಾನ ಇದೆ. ಕ್ರಮ ಗೊತ್ತಿಲ್ಲದವರು ಮೊಹಲ್ಲಾದ ಖತೀಬರಲ್ಲಿ ಕೇಳಿಕೊಳ್ಳಬಹುದು. ಹೀಗೆ ದಿನಕ್ಕೆ ಐದು ಸಲ ಪಾದ ಕಣ್ಣಿಗೆ ಬೀಳುತ್ತದಲ್ಲ, ಅಡಿಭಾಗವನ್ನೂ ಒಮ್ಮೆ ನೋಡಿ. ಬಗ್ಗಲಾಗದವರದ್ದನ್ನು ಮೊಮ್ಮಕ್ಕಳು ನೋಡಲಿ.

ಒಂದು ಕಾಲು ಇದ್ದಕ್ಕಿದ್ದ ಹಾಗೆ ಬಿಳಿಚಿ, ತಣ್ಣಗಾಗಿ, ಸಹಿಸಲಾಗದ ನೋವು ಬಂದು ಬೆರಳು ಆಡಿಸಲು ಆಗದಿದ್ದರೆ ಅದು ರಕ್ತ ಪೂರ್ತಿ ನಿಂತ ಗುರುತು. ಕಾಲು ಉಳಿಸಲು ಸಿಗುವುದು ಹೆಚ್ಚೆಂದರೆ ಐದಾರು ಗಂಟೆ. ಆಗ ಶಾಖ ಬೇಡ, ಎಣ್ಣೆ ಹಚ್ಚಿ ತಿಕ್ಕುವುದೂ ಬೇಡ, ಬೆಳಗಾಗಲಿ ಅಂತ ಕಾಯುವುದೂ ಬೇಡ. ಹಗುರವಾದ ಬಟ್ಟೆ ಹೊದಿಸಿ, ಸರ್ಜನ್ ಇರುವ ದೊಡ್ಡ ಆಸ್ಪತ್ರೆಗೆ ಆ ರಾತ್ರಿಯೇ ಹೊರಡಬೇಕು.