ಎಣ್ಣೆ ಇಳಿಸುವಾಗ ಎಚ್ಚರ

ಫೆಬ್ರುವರಿ ಬಂತೆಂದರೆ ಅಥಣಿ ತಾಲ್ಲೂಕಿನ ತೆಲಸಂಗ, ಕಾಗವಾಡ ತಾಲ್ಲೂಕಿನ ಐನಾಪುರದ ಕಡೆ ಶೆಡ್‌ಗಳಲ್ಲಿ ದ್ರಾಕ್ಷಿ ಒಣಗತೊಡಗುತ್ತದೆ. ಒಣಗಿದ ದ್ರಾಕ್ಷಿ, ಅಂದರೆ ಮಣೂಕ, ಒಳ್ಳೆಯ ಬೆಲೆ ಬರುವವರೆಗೆ ಕೋಲ್ಡ್‌ ಸ್ಟೋರೇಜ್‌ ಸೇರುತ್ತದೆ. ಬಣ್ಣ ಕೆಡದಂತೆ 4 ಡಿಗ್ರಿ ಆಸುಪಾಸಿನಲ್ಲಿ ಅದನ್ನು ತಣ್ಣಗಿಡುವುದು ಬಹುಮಟ್ಟಿಗೆ ಅಮೋನಿಯಾ ಗ್ಯಾಸ್‌. ದೊಡ್ಡ ಡೇರಿ, ಐಸ್‌ ಫ್ಯಾಕ್ಟರಿಗಳಲ್ಲೂ ಅದೇ.

ಸರಕು ತುಂಬುವ ಬೇಸಿಗೆಯೇ ಯಂತ್ರಕ್ಕೂ ಕಷ್ಟಕಾಲ. ಕಂಡೆನ್ಸರ್‌ 40 ಡಿಗ್ರಿ ಮುಟ್ಟಿದರೆ ಒಳಗಿನ ಒತ್ತಡ ಚದರ ಸೆಂಟಿಮೀಟರಿಗೆ 14 ಕಿಲೊ ದಾಟುತ್ತದೆ. ಬೋರ್‌ವೆಲ್‌ನ ಗಡಸು ನೀರಿನ ಸುಣ್ಣ ಕೊಳವೆಗೆ ಕಟ್ಟಿಕೊಂಡರೆ ಇನ್ನೂ ಏರುತ್ತದೆ. ಸವೆದ ಗ್ಯಾಸ್ಕೆಟ್‌, ಹೊದಿಕೆಯ ಒಳಗೇ ತುಕ್ಕು ಹಿಡಿದ ಪೈಪು ಸೋರುವುದು ಆಗಲೇ.

ಆದರೆ ನನ್ನ ಪ್ರಕಾರ ಎಲ್ಲಕ್ಕಿಂತ ಅಪಾಯದ ಕೆಲಸ ಎಣ್ಣೆ ಇಳಿಸುವುದು. ಕಂಪ್ರೆಸರ್‌ನ ಎಣ್ಣೆ ಅಮೋನಿಯಾದೊಂದಿಗೆ ಹೋಗಿ, ಅದಕ್ಕಿಂತ ಭಾರವಾದ್ದರಿಂದ ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ. ಆಪರೇಟರ್‌ ಬಕೆಟ್‌ ಹಿಡಿದು ತಳದ ವಾಲ್ವ್‌ ಬಿಡುತ್ತಾನೆ. ತಣುವಿಗೆ ಗಟ್ಟಿಯಾದ ಎಣ್ಣೆ ಬೇಗ ಇಳಿಯುವುದಿಲ್ಲ. ಇನ್ನೊಂದು ಸುತ್ತು ತಿರುಗಿಸುತ್ತಾನೆ. ಎಣ್ಣೆ ತೀರಿದ ಕ್ಷಣ ಅಮೋನಿಯಾ ಭುಸ್ಸೆಂದು ನುಗ್ಗುತ್ತದೆ. ಕಣ್ಣು ಬಿಡಲಾಗದು, ಉಸಿರು ಕಟ್ಟುತ್ತದೆ, ವಾಲ್ವ್‌ ಹತ್ತಿರ ಹೋಗುವುದೇ ಅಸಾಧ್ಯ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ 300 ಭಾಗ ಸೇರಿದರೂ ಪ್ರಾಣಕ್ಕೆ ಸಂಚಕಾರ. ಕೈ ಬಿಟ್ಟೊಡನೆ ತಾನೇ ಮುಚ್ಚಿಕೊಳ್ಳುವ ಸ್ಪ್ರಿಂಗ್‌ ವಾಲ್ವ್‌ ಅಲ್ಲಿದ್ದರೆ, ಪಕ್ಕದಲ್ಲಿ ಇನ್ನೊಬ್ಬನಿದ್ದರೆ, ಇಂಥ ಅನಾಹುತ ಅಲ್ಲಿಗೇ ನಿಲ್ಲುತ್ತದೆ. ಒಬ್ಬನನ್ನೇ ಈ ಕೆಲಸಕ್ಕೆ ಕಳಿಸುವುದು ತಪ್ಪು.

ಸಣ್ಣ ಸೋರಿಕೆಯನ್ನು ಒದ್ದೆ ಮಾಡಿದ ಕೆಂಪು ಲಿಟ್ಮಸ್‌ ಕಾಗದವೇ ನೀಲಿಯಾಗಿ ತೋರಿಸಿಕೊಡುತ್ತದೆ. ತೋರಿಸಿದ ಮೇಲೂ ಯಂತ್ರ ನಡೆಸಿದರೆ? ಕೆನಡಾದ ಫರ್ನಿ ಪಟ್ಟಣದ ಐಸ್‌ ಕ್ರೀಡಾಂಗಣದಲ್ಲಿ ಹಳೆಯ ಚಿಲ್ಲರ್‌ ಸೋರುತ್ತಿರುವುದು ಮೊದಲೇ ಗೊತ್ತಾಗಿತ್ತು. ಆದರೂ ಅದನ್ನೇ ಮತ್ತೆ ಚಾಲೂ ಮಾಡಿದರು. 2017ರ ಅಕ್ಟೋಬರ್‌ 17ರಂದು ಮೂವರು ಸತ್ತರು.

1989ರ ಅಪಾಯಕಾರಿ ರಾಸಾಯನಿಕಗಳ ನಿಯಮದಲ್ಲಿ ತುರ್ತು ಯೋಜನೆಯಂಥ ಬಿಗಿ ಕಟ್ಟುಪಾಡುಗಳು ಶುರುವಾಗುವುದು ಅಮೋನಿಯಾ ಹತ್ತಾರು ಟನ್‌ ಮುಟ್ಟಿದ ಮೇಲೆ. ಸಾಮಾನ್ಯ ಕೋಲ್ಡ್‌ ಸ್ಟೋರೇಜ್‌ನಲ್ಲಿರುವುದು ಕೆಲವೇ ಟನ್‌. ಹಾಗಾಗಿ ಹೆಚ್ಚಿನ ಹೊಣೆ ಮಾಲೀಕರದೇ.

ಸುತ್ತಲಿನ ಮನೆಯವರು ಘಾಟು ಬಂದೊಡನೆ ಮುಖಕ್ಕೆ ಒದ್ದೆ ಬಟ್ಟೆ ಹಿಡಿದು, ಗಾಳಿ ಬೀಸುವ ದಿಕ್ಕಿಗೆ ಓಡದೆ, ಅಡ್ಡಲಾಗಿ ಸರಿಯಬೇಕು. ಮಣೂಕ ಇಡಲು ಹೋಗುವ ರೈತರು ಬಾಡಿಗೆ ಕೇಳುವಾಗಲೇ ಇದನ್ನೂ ಕೇಳಲಿ: ಸೇಫ್ಟಿ ವಾಲ್ವ್‌ ಬದಲಿಸಿ ಎಷ್ಟು ವರ್ಷವಾಯಿತು? ಗ್ಯಾಸ್‌ ಮುಖವಾಡ ಮಷಿನ್‌ ರೂಮಿನ ಹೊರಗೆ, ಕೈಗೆ ಸಿಗುವಂತೆ ಇದೆಯೇ?